ತುಂಗಜ್ಜಿಯ ಹನ್ನೊಂದು ಮಧ್ಯಾಹ್ನಗಳು

೧೨ ಜನವರಿ ೧೯೪೭, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕುಳಿತೆ.

ಆಗ, ಅಂದರೆ ಏಳು ವರ್ಷದ ಹಿಂದಿನ ಬೇಸಿಗೆಯಲ್ಲಿ, ನಾವು ಪುಣೆಯ ಶುಕ್ರವಾರ ಪೇಠೆಯ ಒಂದು ವಾಡೆಯಲ್ಲಿದ್ದೆವು. ನನಗೆ ಹನ್ನೆರಡು. ಓಣಿಯ ಚಿತ್ರಕಲಾ ಮಾಸ್ತರರಲ್ಲಿ ಮುಖ ಬರೆಯಲು ಕಲಿಯುತ್ತಿದ್ದೆ. ಇದ್ದಿಲ ಗೆರೆ ಅಳಿಸಲು ಉಳಿದವರು ಬೇಕರಿಯ ಪಾವು ರೊಟ್ಟಿಯ ತಿರುಳು ತರುತ್ತಿದ್ದರು. ಮಡಿಯ ಮನೆಯವಳಾದ ನಾನು ಕಣಕದ ಉಂಡೆ ಒಯ್ಯುತ್ತಿದ್ದೆ.

ಬುರುಡೆ ತಿಳಿಯದೆ ಮುಖ ನಿಲ್ಲದು ಎನ್ನುತ್ತಿದ್ದರು ಮಾಸ್ತರರು. ಆದರೆ ಎಲ್ಲರ ಬುರುಡೆಯನ್ನೂ ಕೂದಲು ಮುಚ್ಚಿತ್ತು. ನಮ್ಮ ಮನೆಯಲ್ಲಿ ತಲೆ ಬೋಳಿಸಿಕೊಂಡವಳು ಒಬ್ಬಳೇ: ಅಪ್ಪನ ಸೋದರತ್ತೆ, ವಿಧವೆ ತುಂಗಜ್ಜಿ. ಕ್ಷೌರಿಕನ ಹೊರತು ಯಾರೆದುರೂ ಅವಳ ಕೆಂಪು ಸೆರಗು ಸರಿದಿರಲಿಲ್ಲ.

ಸೆರಗು ಸರಿಸಿ ನನ್ನೆದುರು ಕೂರು, ಬರೆಯುತ್ತೇನೆ ಎಂದೆ. "ಕುಂಬಳಕಾಯಿ ಇಟಗೊಂಡು ಬರಿಯವಾ, ಎರಡೂ ಒಂದ," ಎಂದು ಅಜ್ಜಿ ನಕ್ಕಳು. ಮೂರು ದಿನ ಕಾಡಿದ ಮೇಲೆ ಒಪ್ಪಿದಳು. "ಯಾರಿಗೂ ತೋರಸಬ್ಯಾಡವಾ. ಆಣಿ ಮಾಡು."

"ನಿನ್ನಾಣಿ, ಅಜ್ಜಿ."

ಹನ್ನೊಂದು ಮಧ್ಯಾಹ್ನ, ಮೂರರಿಂದ ನಾಲ್ಕು ಗಂಟೆಯವರೆಗೆ, ಅಟ್ಟದ ಮೇಲೆ ಹುರಿದ ಶೇಂಗಾ ಸುಲಿಯುತ್ತ ಕುಳಿತಳು. "ಕಿವಿ ಸಣ್ಣವು ಮಾಡವಾ, ನನ್ನವು ಭಾಳ ದೊಡ್ಡವು."

ಚಿತ್ರ ಮುಗಿದ ಮರುದಿನವೇ ಅದನ್ನು ತರಗತಿಗೆ ಒಯ್ದೆ. ಮಾಸ್ತರರು ಬಹಳ ಹೊತ್ತು ನೋಡಿ ಗೋಡೆಗೆ ಹಚ್ಚಿದರು. ಹುಡುಗಿಯರು ಮುತ್ತಿಕೊಂಡು ಯಾರಿದು ಎಂದರು. ಅವರನ್ನು ನಗಿಸುವ ಆಸೆ ನನಗೆ. "ಆಮಚಾ ಭೋಪಳಾ!" ನಮ್ಮ ಕುಂಬಳಕಾಯಿ ಎಂದೆ. ನಕ್ಕರು.

ಎರಡು ದಿನ ಬಿಟ್ಟು ಅವರಲ್ಲಿ ಇಬ್ಬರು ಚೌಕಾಬಾರ ಆಡಲು ಮನೆಗೆ ಬಂದರು. ಅಜ್ಜಿ ಶೇಂಗಾ ಉಂಡಿ ತಂದಾಗ ಒಬ್ಬಳು ಕಿಸಕ್ಕನೆ, "ಭೋಪಳಾ ಆಲಾ!" ಕುಂಬಳಕಾಯಿ ಬಂತು ಎಂದಳು. ನಲವತ್ತು ವರ್ಷ ಪುಣೆಯಲ್ಲಿ ಬಾಳಿದ ಅಜ್ಜಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಳು. ಎಲ್ಲರ ಕೈಗೂ ಎರಡೆರಡು ಉಂಡಿ ಇಟ್ಟಳು, ನನ್ನ ಕೈಗೂ.

ಸಂಜೆ ಕೇಳಿದಳು: "ಎಷ್ಟು ಮಂದಿ ನೋಡಿದರವಾ?"

ಡೈರಿಯಲ್ಲಿ ಒಂಬತ್ತು ಎಂದು ಬರೆದಿಟ್ಟಿದ್ದೆ. "ಇಬ್ಬರ," ಎಂದೆ.

ಮತ್ತೆ ಅವಳು ಅಟ್ಟ ಹತ್ತಲಿಲ್ಲ. ಮಾಸ್ತರರು ಆ ಚಿತ್ರವನ್ನು ಬೇರೆ ಊರಿನ ಪ್ರದರ್ಶನಕ್ಕೆ ಕಳಿಸಲೇ ಎಂದಾಗ ನಾನು ಬೇಡವೆನ್ನಲಿಲ್ಲ. ಅದು ಮರಳಲೇ ಇಲ್ಲ. ಮರುವರ್ಷ ಅಜ್ಜಿಯೂ ಹೋದಳು. ಅವಳ ಫೋಟೊ ಒಂದೂ ಇಲ್ಲ.

ಈಗ ಕಣ್ಣು ಮುಚ್ಚಿಯೂ ಬುರುಡೆ ಬರೆಯಬಲ್ಲೆ. ಆದರೆ ನನ್ನೆದುರು ಕೂರುವವರು ಮೊದಲು ಕೂದಲು ತೀಡಿ, ಮುಖ ಬಿಗಿದುಕೊಳ್ಳುತ್ತಾರೆ. ಅವಳಂತೆ ಯಾರೂ ನಂಬಿ ಕುಳಿತಿಲ್ಲ.

ಬೋಳುತಲೆಯ ಮುದುಕಿ, ಎಡಗಿವಿಯ ಮೇಲೆ ಕ್ಷೌರದ ಗಾಯದ ಗುರುತು: ಇಂಥ ಇದ್ದಿಲ ಚಿತ್ರವನ್ನು ಯಾರಾದರೂ ಕಂಡಿದ್ದರೆ ನನಗೆ ಬರೆದು ತಿಳಿಸಿ. ಗೋಡೆಯ ಮೇಲಿದ್ದರೆ, ದಯವಿಟ್ಟು ಮೊದಲು ಇಳಿಸಿ.