ಶಿರಸ್ತ್ರಾಣಕ್ಕೆ ಇಟ್ಟ ಬೊಟ್ಟು

ಆಯುಧಪೂಜೆಯ ದಿನ ನನ್ನ ಕೈ ಸುಮ್ಮನಿರುವುದಿಲ್ಲ. ಗಲ್ಫಿನ ಮುಸಫ್ಫಾದ ನಮ್ಮ ವರ್ಕ್‌ಶಾಪಿನಲ್ಲಿ ಮ್ಯೂಸಿಯಮ್ಮುಗಳಿಗೆ ಬೇಕಾದ ಸ್ಟ್ಯಾಂಡುಗಳನ್ನು ಮಾಡುತ್ತೇವೆ, ಫೋರ್‌ಮನ್ ನಾನು. ಆ ಬೆಳಿಗ್ಗೆ ಡ್ರಿಲ್ಲು, ವೆಲ್ಡಿಂಗ್ ಸೆಟ್ಟು, ಪಿಕಪ್ಪಿನ ಬಾನೆಟ್ಟು ಎಲ್ಲಕ್ಕೂ ಕುಂಕುಮ ಹಚ್ಚಿ, ಅಳತೆಗೆಂದು ತಂದಿಟ್ಟಿದ್ದ ಸಮುರಾಯ್ ಯೋಧನ ಕವಚದ ಮುಂದೆ ನಿಂತೆ. ಮುಟ್ಟಬಾರದೆಂದು ಅದರ ಜೊತೆ ಬಂದಿದ್ದ ಮೇಡಂ ಹಿಂದಿನ ದಿನವೇ ಹೇಳಿದ್ದರು. ಆದರೂ ಯುದ್ಧದ ವಸ್ತು, ಇದೊಂದನ್ನು ಬಿಡುವುದೇ ಎನ್ನಿಸಿತು. ಒದ್ದೆ ಬೆರಳಿನಿಂದ ಶಿರಸ್ತ್ರಾಣದ ಹಣೆಗೆ ಬೊಟ್ಟು ಇಟ್ಟೆ. ಕೆಂಪು ಹನಿಯೊಂದು ಜಾರಿ, ಭುಜದ ಪಟ್ಟಿಗಳನ್ನು ಹಿಡಿದಿದ್ದ ಬಿಳಿ ರೇಷ್ಮೆ ಹುರಿಯ ಮೇಲೆ ಬಿದ್ದು ಹರಡಿತು.

ಮಂಗಳೂರಿನವರಾದ ನಮ್ಮ ಮ್ಯಾನೇಜರ್ ನೋಡಿ ತಲೆ ಹಿಡಿದುಕೊಂಡರು.

"ಎಂಥ ಮಾರಾಯ್ರೆ ಇದು? ಅದು ಆಯುಧವೇ ಅಲ್ಲ, ಕವಚ. ಹತ್ತು ಗಂಟೆಗೆ ಆ ಮೇಡಂ ಬರ್ತಾರೆ. ನಮ್ಮ ಕಾಂಟ್ರಾಕ್ಟ್ ಖಲಾಸ್."

ನನ್ನ ಕೆಲಸ ಹೋಗುವ ಮಾತು ಅವರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಹೆಂಡತಿಯ ಮತ್ತು ಮಗಳ ವೀಸಾ ನನ್ನ ವೀಸಾಕ್ಕೇ ಅಂಟಿಕೊಂಡಿದೆ. ಮಗಳಿಗೆ ಈ ವರ್ಷ ಹತ್ತನೇ ಕ್ಲಾಸು. ಹತ್ತಕ್ಕೆ ಉಳಿದಿದ್ದ ಅರ್ಧ ಗಂಟೆಯಲ್ಲಿ ನಾನೊಂದು ಸುಳ್ಳು ಹೊಸೆದೆ. ಪೂಜೆ ಮುಗಿಸಿ ಬನಿಯಾಸ್‌ನ ಸೈಟಿಗೆ ಹೋಗಿದ್ದ ನಮ್ಮ ಎಲೆಕ್ಟ್ರಿಷಿಯನ್ ಮೇಲೆ ಹೊರಿಸುವುದೆಂದು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಕವಚದ ಜೊತೆ ಜಪಾನಿನಿಂದ ಬಂದಿದ್ದ ಆ ಹಿರಿಯ ಹೆಂಗಸು, ಅದರ ದುರಸ್ತಿ ನೋಡಿಕೊಳ್ಳುವವರು, ಸರಿಯಾಗಿ ಹತ್ತಕ್ಕೆ ಬಂದರು. "ಬೆಳಿಗ್ಗೆ ಇಲ್ಲಿ ಒಬ್ಬ..." ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ಅವರು ಹುರಿಯನ್ನು ನೋಡಿದರು. ಆಮೇಲೆ ನನ್ನ ಬಲಗೈಯನ್ನು ನೋಡಿದರು. ಉಂಗುರದ ಬೆರಳು ಇನ್ನೂ ಕೆಂಪಾಗಿಯೇ ಇತ್ತು.

"ನಾನೇ," ಎಂದೆ.

ಅವರು ಮೆತ್ತನೆಯ ಬಟ್ಟೆ ತೆಗೆದು ಶಿರಸ್ತ್ರಾಣವನ್ನು ಒರೆಸಿದರು. ಬೊಟ್ಟು ಗುರುತೇ ಇಲ್ಲದಂತೆ ಹೋಯಿತು. ಒಂದು ಜಾತಿಯ ಮರದ ಹಾಲನ್ನು ಪದರದ ಮೇಲೆ ಪದರ ಬಳಿದು ಒಣಗಿಸಿದ ಮೆರುಗಂತೆ ಅದು. ಅಡಿಯ ಕಬ್ಬಿಣಕ್ಕೆ ಮಳೆ, ಬೆವರು ಯಾವುದೂ ತಟ್ಟದು. ನಮ್ಮಲ್ಲಿ ಹೊರಗಿಟ್ಟ ಕಬ್ಬಿಣ ವಾರದಲ್ಲಿ ತುಕ್ಕು ಹಿಡಿಯುತ್ತದೆ.

"ಹುರಿ?" ಎಂದೆ.

"ಹುರಿ ಸವೆಯುವುದಕ್ಕೇ ಇರುವುದು," ಎಂದರು. ಪಟ್ಟಿಗಳನ್ನು ಸಡಿಲವಾಗಿ ತೂಗುಬಿಟ್ಟರೆ ಮಾತ್ರ ಯೋಧ ಕೈ ಎತ್ತಬಲ್ಲ. ಹುರಿ ಹಳತಾದಾಗ ಬಿಚ್ಚಿ, ಅವೇ ತೂತುಗಳಲ್ಲಿ ಹೊಸದನ್ನು ಪೋಣಿಸುತ್ತಾರೆ. "ಇದನ್ನು ಕಟ್ಟಿದವಳು ನಾನೇ. ಮಿಕ್ಕ ಹುರಿ ಪೆಟ್ಟಿಗೆಯಲ್ಲಿದೆ."

ನಾನು ವೆಲ್ಡಿಂಗಿನಿಂದ ಮೇಲೆ ಬಂದವನು. ಒಮ್ಮೆ ಕೂಡಿಸಿದ್ದು ಬಿಚ್ಚಬಾರದು ಎಂಬುದೇ ನನ್ನ ಹೆಮ್ಮೆ. ಬಿಚ್ಚಲೆಂದೇ ಕಟ್ಟಿದ ವಸ್ತುವೊಂದು ಅಂದು ನನ್ನನ್ನು ಉಳಿಸಿತು. ಹಾಯೆನಿಸಿ, ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಯಾಕೆ ಹಚ್ಚಿದೆ ಎಂದು ಕೇಳಿದರು. ಹೇಳಿದೆ. "ನಮ್ಮಲ್ಲೂ ಹೊಸ ವರ್ಷಕ್ಕೆ ಕವಚದ ಮುಂದೆ ಅಕ್ಕಿಯ ಕಡುಬು ಇಡುತ್ತಿದ್ದರು," ಎಂದರು. ಕಲೆಯಾದ ಹುರಿಯತ್ತ ಬೆರಳು ತೋರಿ, "ಮುಂದೆ. ಮೇಲೆ ಅಲ್ಲ," ಎಂದು ಸೇರಿಸಿದರು. ಮ್ಯಾನೇಜರ್ ನಕ್ಕದ್ದು ಆಗಲೇ. ಮಧ್ಯಾಹ್ನದವರೆಗೆ ಅವರು ಹುರಿ ಪೋಣಿಸಿದರು, ನಾನು ಗ್ಲೌಸ್ ಹಾಕಿಕೊಂಡು ಪಟ್ಟಿಗಳನ್ನು ಹಿಡಿದುಕೊಂಡೆ.

ಸಂಜೆ ಎಲೆಕ್ಟ್ರಿಷಿಯನ್ ಬಂದ. "ನನ್ನ ಪಾಲಿನ ಪಂಚಕಜ್ಜಾಯ ಇಟ್ಟಿದ್ದೀರಾ ಅಣ್ಣ?"

ನನ್ನದನ್ನೂ ಸೇರಿಸಿ ಅವನ ಕೈಗೆ ಸುರಿದೆ.

"ಇಷ್ಟು ಯಾಕೆ?"

"ತಿನ್ನು ಮಾರಾಯ," ಎಂದೆ.