ಹೊಸ್ತಿಲ ಮೇಲಿನ ಶಾಲೆ

ಸಹನಾ, ವೀರೂ,

ಈ ಊರಿಗೆ ಬಂದ ಮೊದಲ ವಾರವೇ ನಾನು ಬೇರೆಯವರ ಮನೆಯ ಹೊಸ್ತಿಲ ಮೇಲೆ ಕೂತು ಬೈಸಿಕೊಂಡೆ. ಮೂರನೆಯ ಮಹಡಿಯ ಪದ್ಮಾ ಟೀಚರ್ ಮನೆಗೆ ನಿಮ್ಮಿಬ್ಬರನ್ನೂ ಟ್ಯೂಷನ್ನಿಗೆ ಬಿಡಲು ಹೋಗಿದ್ದೆ. ವೀರು ನನ್ನ ಸೆರಗು ಬಿಡಲಿಲ್ಲ. ಒಳಗೆ ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದರು. ಆ ಸದ್ದು ಕಿವಿಗೆ ಬಿದ್ದದ್ದೇ ನನ್ನ ಕಾಲುಗಳು ತಾವಾಗಿ ಮಡಚಿಕೊಂಡವು. ವೀರುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲೇ ಕೂತುಬಿಟ್ಟೆ.

ಟೀಚರ್ ಅವರ ಅತ್ತೆ ಅಡುಗೆಮನೆಯಿಂದ ಬಂದರು. “ಗಡಪ ಮೀದ ಕೂಸೋವದ್ದಮ್ಮಾ.”

ಗಡಪ ಎಂದರೆ ಹೊಸ್ತಿಲು. ಅದರ ಮೇಲೆ ಕೂರಬಾರದು ಎಂಬುದು ನಮ್ಮ ಕಡೆಯೂ ಇದ್ದದ್ದೇ, ನನಗೆ ಗೊತ್ತಿಲ್ಲದ್ದೇನಲ್ಲ. ಅರಿಶಿನ ಬಳಿದು ಕುಂಕುಮ ಇಟ್ಟ ಹೊಸ್ತಿಲು ಅದು. ಗಂಡ ಸತ್ತವಳು ಕೂತಳೆಂದು ಬೈದರೇನೋ ಎಂದು ಬಹಳ ದಿನ ಮನಸ್ಸಿನಲ್ಲೇ ಕೊರಗಿದೆ. ಆಮೇಲೆ ನೋಡಿದರೆ ಆ ಮುದುಕಿ ಗ್ಯಾಸಿನವನನ್ನೂ ಬೈಯುತ್ತಾರೆ, ಸ್ವಂತ ಮಗನನ್ನೂ ಬೈಯುತ್ತಾರೆ. ಆ ದಿನ ಟೀಚರೇ ಒಂದು ಪೀಟ, ಅಂದರೆ ಕುಳ್ಳ ಮಣೆ, ತಂದು ಚಪ್ಪಲಿ ಗೂಡಿನ ಪಕ್ಕ ಹಾಕಿಕೊಟ್ಟರು.

ಮೊನ್ನೆ ಸಹನಾ ಕೇಳಿದಳು, “ಅಮ್ಮಮ್ಮಾ, ನಿನ್ನ ಸಾಲಿ ಹ್ಯಾಂಗಿತ್ತು?” ನಾನು “ಇತ್ತವ್ವ, ಹಂಗ” ಎಂದಷ್ಟೇ ಹೇಳಿದೆ. ನನಗೆ ಬಾಯಿ ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ ಹೋದ ಮೇಲೆ ಯಾದಗಿರಿ ಕಡೆಯ ನಮ್ಮ ಊರಿನ ಮನೆಗೆ ಬೀಗ ಹಾಕಿ, ಕೀಲಿಯನ್ನು ನನ್ನ ತಮ್ಮ ಶರಣುವಿನ ಕೈಗೆ ಕೊಟ್ಟು, ನಿಮ್ಮ ಅವ್ವನ ಹಿಂದೆ ತೆಲುಗು ಸೀಮೆಯ ಈ ನಾಚಾರಂಗೆ ಬಂದೆ. ಅಲ್ಲಿ ಕೋಳಿ ಕೂಗಿದರೆ ಬೆಳಗು. ಇಲ್ಲಿ ಕಾರ್ಖಾನೆಯ ಭೋಂಗಾ ಕೂಗಿದರೆ ನಿಮ್ಮ ಅಪ್ಪ ಡಬ್ಬಿ ಹಿಡಿದು ಓಡುತ್ತಾನೆ, ಅವನ ಹಿಂದೆಯೇ ನಿಮ್ಮ ಅವ್ವ ಔಷಧಿ ಪ್ಯಾಕಿಂಗಿಗೆ ಹೋಗುತ್ತಾಳೆ. ಅಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ಆ ಮನೆಯಲ್ಲಿ ಯಾರಿಗೋ ಮೈಗೆ ಹುಷಾರಿಲ್ಲ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ಇಲ್ಲಿ ಸದ್ದು ಕೇಳಿತೆಂದೇ ಕೆಳಗಿನ ಮನೆಯಾಕೆ ಬಂದರು, ಗೋಡೆ ಒಡೆಸುತ್ತಿದ್ದೀರಾ ಎಂದು ಕೇಳಲು. ಬಿಸಿ ರೊಟ್ಟಿ ಕೈಗಿಟ್ಟೆ. ಈಗ ಅವರೇ ಭಾನುವಾರ ಕೇಳಿ ಒಯ್ಯುತ್ತಾರೆ. ಇಂಥವನ್ನು ಗೆಲುವು ಎನ್ನಬಹುದೋ ಏನೋ. ಸಂಜೆಗೆ ಮಾತ್ರ ಮೈ ಸೋತುಹೋಗುತ್ತದೆ. ಇಡೀ ದಿನ ಯಾರೊಡನೆಯೂ ಮಾತಿಲ್ಲದೆ ಇರುವುದೂ ಒಂದು ದಣಿವೇ.

ನಮ್ಮ ಶಾಲೆಗೆ ಒಂದೇ ಕೋಣೆ, ಒಬ್ಬರೇ ಮಾಸ್ತರು. ನನ್ನ ಅವ್ವ ಕಳೆ ಕೀಳಲು ಹೋದರೆ ಶರಣು ನನ್ನ ಸೊಂಟದ ಮೇಲೆ. ನಾನು ಶಾಲೆಯ ಹೊರಗೆ ಬೇವಿನ ಗಿಡದ ಕೆಳಗೆ ಅವನನ್ನು ಆಡಿಸುತ್ತ ಒಳಗಿನ ಪಾಠ ಕೇಳುತ್ತಿದ್ದೆ. ಒಂದು ದಿನ ಮಾಸ್ತರು ಕಂಡು, “ಕೂಸಿನ ಸಂಗ್ಟ ಬಾರವಾ, ಹೊಸ್ತಿಲದಾಗ ಕುಂದ್ರು. ಅತ್ತರ ಎದ್ದು ಹೊರಗ ಹೋಗು” ಎಂದರು.

ಹಾಗೆ ನನ್ನ ಓದು ಹೊಸ್ತಿಲ ಮೇಲೆ ನಡೆಯಿತು. ಅದು ಮನೆಯಲ್ಲ, ಶಾಲೆ, ಹಾಗಾಗಿ ಯಾರೂ ಬೈಯಲಿಲ್ಲ. ಒಂದು ಕಿವಿಗೆ ಪಾಠ, ಇನ್ನೊಂದು ಕಿವಿಗೆ ದನದ ಗಂಟೆ. ಹುಡುಗರು ಮಾತ್ರ, “ಏ ಮಾದೇವಿ, ಸಾಲಿ ಕಲಿಯಾಕಿ ನೀನೋ ನಿನ್ನ ಕೂಸೋ?” ಎಂದು ಕಾಡುತ್ತಿದ್ದರು. ಶರಣು ಅತ್ತಾಗಲೆಲ್ಲ ನಾನು ಎದ್ದು ಹೋಗಬೇಕು, ಹಿಂದಿರುಗುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಅದಕ್ಕೇ ನನ್ನ ಕಲಿಕೆ ತೂತುಬಿದ್ದ ಬಟ್ಟೆಯ ಹಾಗೆ. ಆರರ ಮಗ್ಗಿ ಪೂರ್ತಿ ಬರುತ್ತದೆ, ಏಳರದು ಅರ್ಧ. ಅವನಿಗೆ ಹಲ್ಲು ಬರುತ್ತಿದ್ದ ದಿನಗಳವು. ಆದರೂ ಮಳೆಗಾಲದ ಮುಂಜಾನೆ ಆ ಹಸಿ ನೆಲದ ವಾಸನೆ, ಪಾಟಿಯನ್ನು ತೊಂಡೆ ಎಲೆಯಿಂದ ಉಜ್ಜಿದಾಗ ಮೂಡುವ ಕಪ್ಪು, ಮಡಿಲಲ್ಲಿ ನಿದ್ದೆಹೋದ ಕೂಸಿನ ಬಿಸಿ. ಅಷ್ಟು ಸುಖದಲ್ಲಿ ನಾನು ಮತ್ತೆ ಎಲ್ಲಿಯೂ ಕೂತಿಲ್ಲ.

ಶರಣು ದೊಡ್ಡವನಾದ. ಒಂದು ಬೆಳಿಗ್ಗೆ ನನ್ನ ಪಾಟಿ ಬಗಲಲ್ಲಿ ಹಿಡಿದು ತಾನೇ ನಡೆದು ಶಾಲೆಗೆ ಹೋದ. ಅಪ್ಪ, “ಇನ್ನ ನೀ ಯಾಕ? ಅವಗ ಯಾರೂ ಬ್ಯಾಡ ಈಗ” ಎಂದರು. ಸಿಟ್ಟಿನಿಂದಲ್ಲ, ಸಂತೋಷದಿಂದಲೇ ಹೇಳಿದರು. ನನ್ನ ಶಾಲೆ ಅಲ್ಲಿಗೆ ಮುಗಿಯಿತು.

ಇಷ್ಟು ವರ್ಷಗಳ ಮೇಲೆ ಪದ್ಮಾ ಟೀಚರ್ ಮನೆಯ ಪೀಟದ ಮೇಲೆ ಅದೇ ಶಾಲೆ ಮತ್ತೆ ಸಿಕ್ಕಿತ್ತು. ತೊಡೆಯ ಮೇಲೆ ಶರಣುವಿನ ಬದಲು ವೀರು. ಗೋಡೆಗೆ ಹಚ್ಚಿದ ತೆಲುಗು ಅಕ್ಷರಗಳು ನಮ್ಮವೇ, ತಲೆಯ ಮೇಲೆ ಬೇರೆ ಪಿನ್ನು ಸಿಕ್ಕಿಸಿಕೊಂಡಂತೆ. ಅರ್ಥವಾಗುವ ಮೊದಲೇ ಓದಲು ಬರತೊಡಗಿತು. ಪೇಟೆಗೆ ಹೋದಾಗ ಅಂಗಡಿಯ ಬೋರ್ಡುಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ಸಂಜೆ ಐದಾಗುವುದನ್ನು ಕಾಯುವ ಹಾಗಾಯಿತು. ವೀರು ಅಳುವುದನ್ನು ಬಿಡದಿರಲಿ, ನನ್ನ ಸೆರಗು ಹೀಗೇ ಹಿಡಿದಿರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವನು ಗಟ್ಟಿಯಾದರೆ ನನ್ನ ಜಾಗ ಹೋಗುತ್ತದೆಂದು ಗೊತ್ತಿತ್ತು.

ಹೋಯಿತು. ಒಂದು ಸಂಜೆ ಅವನು ತೊಡೆಯಿಂದ ಜಾರಿ ಹುಡುಗರ ನಡುವೆ ಹೋಗಿ ಕೂತ. ತಿರುಗಿ, “ಅಮ್ಮಮ್ಮಾ, ನುವ್ವು ಪೋ” ಎಂದ. ನೀನು ಹೋಗು ಎಂದು. ಎಲ್ಲರೂ ನಕ್ಕರು. ಟೀಚರ್, ಇನ್ನು ನೀವು ರೆಸ್ಟ್ ತೊಗೊಳ್ಳಿ ಎಂಬಂತೆ ಏನೋ ಹೇಳಿದರು. ನಿಮ್ಮ ಅವ್ವನೂ, “ಛಲೋ ಆತು ಬಿಡವ್ವ. ಇನ್ನ ಸಂಜೀಕ ಕಾಲು ಚಾಚಿ ಕುಂದ್ರು” ಎಂದಳು. ಎಲ್ಲರಿಗೂ ಸಂತೋಷ. ನಾನು ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ನೀರಿನ ಟ್ಯಾಂಕರ್ ಬರುವುದನ್ನು ಹೋಗುವುದನ್ನು ನೋಡಿದೆ. ಎಷ್ಟೋ ಸಂಜೆ ಅದೇ ಆಯಿತು.

ಒಂದು ದಿನ ಸಹನಾ ತಲೆ ಬಾಚಿಸಿಕೊಳ್ಳುತ್ತ ಅಂದಳು, “ಅಮ್ಮಮ್ಮಾ, ನಿನ್ನ ಪೀಟ ಇನ್ನೂ ಅಲ್ಲೇ ಐತಿ. ಯಾರೂ ಅದರ ಮ್ಯಾಲ ಕುಂದರಂಗಿಲ್ಲ.”

ಅವತ್ತು ನೀವು ಹೋದ ಮೇಲೆ ಮೆಟ್ಟಿಲು ಹತ್ತಿದೆ. ಬರಿ ಮಡಿಲಲ್ಲಿ ಶಾಲೆಗೆ ಹೋದದ್ದು ಜೀವನದಲ್ಲಿ ಅದೇ ಮೊದಲು. ಮುದುಕಿ ಬಾಗಿಲು ತೆರೆದು, “ಪಿಲ್ಲಗಾಡು ಏಡುಸ್ತಲೇಡು ಗದಾ” ಎಂದರು. ಹುಡುಗ ಅಳುತ್ತಿಲ್ಲವಲ್ಲ, ನೀನೇಕೆ ಬಂದೆ ಎಂದು ಅದರರ್ಥ. ಕೆಳಗಿಳಿದುಬಿಡೋಣ ಅನಿಸಿತು. ಆದರೆ ಬಾಯಿಂದ ನನ್ನ ಮೊದಲ ಪೂರ್ತಿ ತೆಲುಗು ಮಾತು ಬಂತು. “ನೇನು ಚದುವುಕೋನೀಕಿ ವಚ್ಚಿನ.” ನಾನು ಓದಲಿಕ್ಕೆ ಬಂದಿದ್ದೇನೆ.

ಅವರು ನನ್ನನ್ನು ಕೆಳಗಿನಿಂದ ಮೇಲೆ ನೋಡಿ ಪಕ್ಕಕ್ಕೆ ಸರಿದರು. “ಗಡಪ ದಾಟಿ ರಾ. ದಾನಿ ಮೀದ ಮಾತ್ರಂ ಕೂಸೋಕು.” ದಾಟಿ ಬಾ, ಅದರ ಮೇಲೆ ಮಾತ್ರ ಕೂರಬೇಡ.

ದಾಟಿದೆ. ಕೂತ ಮೇಲೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ. ಶರಣು ಫೋನಿನಲ್ಲಿ, “ಅಕ್ಕಾ, ಯಾವಾಗ ಬರ್ತಿ? ಮನಿ ಧೂಳ ಹಿಡದೈತಿ” ಎನ್ನುತ್ತಾನೆ. ಬರುತ್ತೇನೆ ಎನ್ನುತ್ತೇನೆ. ಹೋದರೆ ಅಲ್ಲಿ ಸಂಜೆ ಐದಕ್ಕೆ ಇಲ್ಲಿನ ಪೀಟ ನೆನಪಾಗುತ್ತದೆ, ಇಲ್ಲಿ ಕೂತರೆ ಆ ಬೇವಿನ ಗಿಡ. ಹೊಸ್ತಿಲ ಮೇಲೆ ಬೆಳೆದವಳು ನಾನು, ಪೂರ್ತಿ ಒಳಗಿರುವುದು ಎರಡು ಕಡೆಯೂ ನನಗೆ ಕೈಹತ್ತಲಿಲ್ಲ.

ಇದನ್ನು ನೀವು ಈಗ ಓದಲಾರಿರಿ. ನಿಮಗೆ ಕಲಿಸುತ್ತಿರುವುದು ಪಿನ್ನು ಸಿಕ್ಕಿಸಿದ ತೆಲುಗು ಅಕ್ಷರ, ನನ್ನವು ತಲೆಕಟ್ಟಿನ ಕನ್ನಡದವು. ಆದರೆ ನನಗೆ ನಿಮ್ಮವು ಬಂದಂತೆ ನಿಮಗೂ ನನ್ನವು ಬರುತ್ತವೆ. ದಸರೆಗೆ ನಿಮ್ಮ ಅವ್ವ ಕಪಾಟು ಝಾಡಿಸಿ ರದ್ದಿಯವನನ್ನು ಕರೆಯುತ್ತಾಳೆ. ಅವನ ತಕ್ಕಡಿಗೆ ಈ ಹಾಳೆಗಳು ಬೀಳದಂತೆ ನೋಡಿಕೊಳ್ಳಿ, ಸಹನಾಳ ಬಟ್ಟೆಯ ಅಡಿಯಲ್ಲಿಟ್ಟು ಜೋಪಾನ ಮಾಡಿ.