ಬಾಯಿಬಿಟ್ಟು ಮಾತಾಡಿ ಎನ್ನುವ ಡಾಕ್ಟರರ ಮನೆಯ ಚಹಾ

ವಾಚನಾಲಯದ ಫಲಕದ ಮುಂದೆ ನಿಂತು ಇದನ್ನು ಓದುತ್ತಿರುವ ಮಿತ್ರರೇ, ಮೊನ್ನೆ ಇಲ್ಲೇ ಭಾಷಣ ಮಾಡಿದ ಮನಸ್ಸಿನ ಡಾಕ್ಟರರು ನೆನಪಿದ್ದಾರಲ್ಲ? “ಮನಸಿನ್ಯಾಗ ಇದ್ದದ್ದು ಬಾಯಿಬಿಟ್ಟು ಆಡ್ರಿ, ಅರ್ಧಾ ರೋಗ ಹೋಗತೈತಿ” ಎಂದು ಮೇಜು ಗುದ್ದಿದವರು. ರಾತ್ರಿ ನಿದ್ದೆ ಬಾರದ ನಾನು ಆ ಮಾತು ನಂಬಿ ಇವತ್ತು ಸಂಜೆ ಸಪ್ತಾಪುರದ ಅವರ ಮನೆಗೆ ಹೋಗಿದ್ದೆ.

ಕೂತು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: “ಚಹಾಕ್ಕ ಸಕ್ಕರಿ ಹಾಕೂದೋ ಬ್ಯಾಡೋ, ಕೇಳ್ರಿ.”

“ನನಗ ಹಾಕ್ರಿ, ವೈನಿ” ಎಂದೆ.

“ನಿಮಗಲ್ರಿ. ಅವರನ್ನ ಕೇಳ್ರಿ.”

ಡಾಕ್ಟರರು ನನ್ನ ಕಡೆ ತಿರುಗಿ, “ಬ್ಯಾಡ ಅಂತ ಹೇಳ್ರಿ” ಎಂದರು. ಬಾಗಿಲು ಅವರ ಕುರ್ಚಿಗೆ ತಾಗಿಕೊಂಡೇ ಇತ್ತು. ಹೊರಗಿನವರ ಎದುರು ಗಂಡನನ್ನು ಮಾತಾಡಿಸಲು ಆಕೆಗೆ ನಾಚಿಕೆ ಇರಬಹುದು. ಡಾಕ್ಟರರಿಗೆ ಎಂಥ ನಾಚಿಕೆ?

“ತವರಮನಿಗೆ ಯಾವಾಗ ಕಳಸ್ತಾರ, ಕೇಳ್ರಿ.”

“ಹೋದ್ರ ತಿರುಗಿ ಯಾವಾಗ ಬರ್ತಾರ, ಅದನ್ನ ಮೊದಲ ಕೇಳ್ರಿ.”

“ಕರಿಯಾಕ ಬಂದ್ರ ಬರ್ತೇನಿ ಅಂತ ಹೇಳ್ರಿ.”

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಎರಡು ಕಪ್ ಚಹಾ ಬಂತು; ಡಾಕ್ಟರರು ತಮ್ಮದನ್ನು ಬಹಳ ಹೊತ್ತು ಕಲಕಿದರು. ಸಕ್ಕರೆಯೇ ಇಲ್ಲದ ಚಹಾ. ಆಮೇಲೆ ಸಣ್ಣ ದನಿಯಲ್ಲಿ, “ಕರಿಯಾಕ ಬರ್ತೇನಿ ಅಂತ ಹೇಳ್ರಿ” ಎಂದರು. ಹೇಳಿದೆ. ಒಳಗೆ ಪಾತ್ರೆಗಳ ಸದ್ದು ನಿಂತಿತು.

ಹೊರಡುವಾಗ ಅವರು ಅಂಗಳದವರೆಗೂ ಬಂದು ನನ್ನ ಕೈ ಹಿಡಿದರು. “ನಿಮ್ಮ ಕೇಸು ಭಾಳ ನಾಜೂಕೈತಿ. ದಿನಾ ಸಂಜಿಕ ಬರ್ರಿ, ತಪ್ಪಿಸಬ್ಯಾಡ್ರಿ.”

ನನಗೇಕೋ ಸಂಶಯ, ಮಿತ್ರರೇ. ನನ್ನ ಕಾಯಿಲೆ ಏನೆಂದು ಅವರಿನ್ನೂ ಕೇಳಿಯೇ ಇಲ್ಲ.